ಕೂಗಿ ಎಬ್ಬಿಸಬೇಡಿ

ಕುಷ್ಟಗಿ
12 ನವೆಂಬರ್ 2024

ದೊಡ್ಡವ್ವಗೆ ಶೈಲಶ್ರೀಯ ನಮಸ್ಕಾರ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಆರಾಮ ಇದ್ದೇನೆ. ಆದರೆ ಹೇಳಬೇಕಾದ ಮಾತೊಂದಿದೆ. ನಿನ್ನ ಫೋನು ದೊಡ್ಡಪ್ಪನ ಜೇಬಿನಲ್ಲಿರುತ್ತದೆ, ಅವನು ಸ್ಪೀಕರ್ ಹಾಕದೆ ಮಾತಾಡುವವನಲ್ಲ. ಇಲ್ಲಿ ಆಫೀಸಿನಲ್ಲಿ ನನ್ನ ಸುತ್ತ ಯಾವಾಗಲೂ ಹತ್ತು ಮಂದಿ ಪಹಣಿ ಹಿಡಿದು ನಿಂತಿರುತ್ತಾರೆ. ರೂಮಿಗೆ ಬಂದ ಮೇಲೆ ಮಾತಾಡೋಣವೆಂದರೆ, ಅಲ್ಲಿ ನಾನು ಫೋನನ್ನೇ ಬಂದ್ ಮಾಡಿ ಇಡುತ್ತೇನೆ. ಅದಕ್ಕೊಂದು ಕಾರಣವಿದೆ.

ನನಗೆ ಎರಡು ಸಲ ಎಚ್ಚರ ತಪ್ಪಿದೆ. ಮೊದಲನೆಯದು ಸೆಪ್ಟೆಂಬರಿನಲ್ಲಿ. ನಸುಕಿನಲ್ಲಿ ಒಳ್ಳೆ ನಿದ್ದೆಯಲ್ಲಿದ್ದೆ. ಬೆಳೆ ಸಮೀಕ್ಷೆಗೆ ಬೇಗ ಬಾ ಎಂದು ಕಚೇರಿಯಿಂದ ಫೋನ್ ಬಂತು. ಕೈ ಚಾಚಿದ್ದು ನೆನಪಿದೆ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಮೊಣಕೈ ತರಚಿತ್ತು. ಮಂಚದಿಂದ ಉರುಳಿದೆ ಅಂದುಕೊಂಡು ಕೆಲಸಕ್ಕೆ ಹೋದೆ. ಮೊನ್ನೆ ಭಾನುವಾರ ಊಟ ಮಾಡಿ ಮಲಗಿದ್ದಾಗ ಮತ್ತೆ ಫೋನು ಬಂತು, ಮತ್ತೆ ಹಾಗೇ ಆಯಿತು. ಈ ಸಲ ಮನೆ ಮಾಲಕಿ ಖಾಜಾಬೀ ಬಾಗಿಲಲ್ಲೇ ಇದ್ದಳು. ಹೇಳಿದಳು: "ಕಣ್ಣು ಮ್ಯಾಲ ಹೋಗಿದ್ವು ಬೇಟಿ, ಕೈಕಾಲು ಒಂದೀಟು ಅದರಿದ್ವು. ನಾ ನೀರು ತರೂದ್ರಾಗ ಎದ್ದು ಕುಂತಿ."

ಇಲ್ಲಿನ ಡಾಕ್ಟರೊಬ್ಬರು ಫಿಟ್ಸ್ ಎಂದು ಹೇಳಿ ಗುಳಿಗೆ ಕೊಟ್ಟಿದ್ದಾರೆ. ನುಂಗುತ್ತಿದ್ದೇನೆ, ಆದರೆ ನಂಬಿಕೆ ಬಂದಿಲ್ಲ. ದಿನಾ ಮಂದಿಯ ಹೊಲದ ಪಂಚನಾಮೆ ಬರೆಯುವವಳು ನಾನು. ಸ್ಥಳ, ಸಮಯ, ಸಾಕ್ಷಿ ನೋಡದೆ ಯಾವುದಕ್ಕೂ ಸಹಿ ಹಾಕುವುದಿಲ್ಲ, ನನ್ನ ಮೈಯ ವಿಷಯಕ್ಕೂ ಹಾಕುವುದಿಲ್ಲ. ಒಂದು ನೋಟ್‌ಬುಕ್ ತಂದು ಎರಡೂ ಸಲದ ವಿವರ ಬರೆದಿಟ್ಟಿದ್ದೇನೆ. ಕೊಪ್ಪಳದ ಹೃದಯದ ಡಾಕ್ಟರ ಹತ್ತಿರ ಹೋಗುವವಳಿದ್ದೇನೆ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಅವರು ಕೇಳಿಯೇ ಕೇಳುತ್ತಾರೆ. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಏನೂ ನೆನಪಿಲ್ಲ. ಕಾಮಣಿಯಾಗಿ ಮೈಯೆಲ್ಲ ಹಳದಿಯಾಗಿತ್ತು ಎಂಬ ಒಂದು ಮಾತಿನ ಹೊರತು ನೀವು ಯಾರೂ ಏನೂ ಹೇಳಿಲ್ಲ. ಅವತ್ತು ನೀನು ಮನೆಯಲ್ಲಿದ್ದೆ. ವಿವರವಾಗಿ ಬರೆ.

ನಿನ್ನ
ಶೈಲಾ


ಇಟಗಿ
17 ನವೆಂಬರ್ 2024

ಚಿರಂಜೀವಿ ಶೈಲಾಗೆ ದೊಡ್ಡವ್ವ ಪಾರಮ್ಮ ಮಾಡುವ ಆಶೀರ್ವಾದ.

ನಿನ್ನ ಕಾಗದ ಅಂಗನವಾಡಿಗೇ ಬಂತು. ಪೋಸ್ಟಿನ ಹನಮೇಶ ಕೈಯಲ್ಲಿ ಕೊಟ್ಟು, ಸರ್ಕಾರದ್ದಲ್ಲದ ಕಾಗದ ನೋಡಿ ಎಷ್ಟು ದಿನವಾಯಿತೋ ಎಂದ. ಮಕ್ಕಳ ತೂಕ ಹಾಕುವುದು ಬಿಟ್ಟು ಓದಿದೆ.

ಅಷ್ಟು ದೂರದಲ್ಲಿ ಒಬ್ಬಳೇ ಇದ್ದು, ಹೊತ್ತಿಗೆ ಸರಿಯಾಗಿ ಉಣ್ಣದೆ ಊರೂರು ತಿರುಗುತ್ತೀಯ, ನಿಶ್ಶಕ್ತಿಯಿಂದ ಹಾಗಾಗಿರಬೇಕು. ಡಾಕ್ಟರು ಕೊಟ್ಟ ಗುಳಿಗೆ ಬಿಡಬೇಡ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತೇನೆ. ಮಲಗುವಾಗ ಫೋನು ಹತ್ತಿರ ಇಟ್ಟುಕೊಳ್ಳಬೇಡ. ನೀನು ಮಲಗಿದಾಗ ಬಾಗಿಲು ಬಡಿಯಬಾರದು, ಪಾತ್ರೆಪಗಡ ಎತ್ತಿ ಹಾಕಬಾರದು ಎಂದು ಖಾಜಾಬೀಗೆ ಹೇಳಿಡು. ಇದನ್ನು ಮರೆಯಬೇಡ.

ನಿಮ್ಮವ್ವ ರೇಣುಕಾಗೆ ಕಾಮಣಿ ಆಗಿತ್ತು, ಔಷಧ ಹತ್ತಲಿಲ್ಲ, ಮಲಗಿದಲ್ಲೇ ಹೋದಳು. ಬರೆಯಲು ಬೇರೇನೂ ಇಲ್ಲ. ಹಳೆಯದನ್ನು ಕೆದಕಿ ಏನು ಬರುತ್ತದೆ?

ಗಂಗಾವತಿಯವರು ಸಂಕ್ರಾಂತಿ ಆದ ಮೇಲೆ ನಿನ್ನನ್ನು ನೋಡಲು ಬರುತ್ತೇವೆ ಎಂದಿದ್ದಾರೆ. ಎಚ್ಚರ ತಪ್ಪಿದ ವಿಷಯ ಯಾರ ಮುಂದೆಯೂ ಆಡಬೇಡ. ನಿನ್ನ ಕುಬೇರಪ್ಪ ಮಾವ ಯಲಬುರ್ಗಾದಿಂದ ಬಂದಿದ್ದ. ಮಗಳು ಸಹನಾಗೆ ಗಂಗಾವತಿಯ ವಸತಿ ಸಾಲೆಯಲ್ಲಿ ಸೀಟು ಸಿಕ್ಕಿದ್ದಕ್ಕೆ ಬಹಳ ಖುಷಿಯಲ್ಲಿದ್ದಾನೆ. ಅವನಿಗೂ ನಾನು ಏನೂ ಹೇಳಿಲ್ಲ.

ಮೈ ಕಡೆ ನೋಡಿಕೋ.

ದೊಡ್ಡವ್ವ


ಕುಷ್ಟಗಿ
2 ಡಿಸೆಂಬರ್ 2024

ದೊಡ್ಡವ್ವಗೆ ನಮಸ್ಕಾರ.

ರೊಟ್ಟಿ ಮುಟ್ಟಿದವು, ಅರ್ಧ ಖಾಜಾಬೀ ತಿಂದಳು. ಈಗ ಹೇಳುವುದನ್ನು ಕುಳಿತು ಓದು.

24ನೇ ತಾರೀಖು ಬೆಳಗ್ಗೆ ಮತ್ತೆ ಬಿದ್ದೆ. ಫೋನು ಬಂದ್ ಮಾಡಿ ಇಟ್ಟಿದ್ದೆ. ಆದರೆ ನೀರಿನ ಕ್ಯಾನ್ ತರುವ ಬಾಲಪ್ಪ ನಮ್ಮ ತಗಡಿನ ಗೇಟನ್ನು ಕಲ್ಲಿನಿಂದ ಬಡಿದ. ಸದ್ದು ಕೇಳಿದ್ದು ಗೊತ್ತು, ಮುಂದಿನದು ಗೊತ್ತಿಲ್ಲ. ಎಚ್ಚರವಾದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಕುಳಿತಾಗ ನನಗೇ ಹೊಳೆಯಿತು. ಮೂರು ಸಲವೂ ನಾನು ನಿದ್ದೆಯಲ್ಲಿದ್ದೆ, ಮೂರು ಸಲವೂ ಒಂದು ಸದ್ದು ಬಂತು. ನೋಟ್‌ಬುಕ್ ಹಿಡಿದುಕೊಂಡೇ ಕೊಪ್ಪಳಕ್ಕೆ ಹೋದೆ.

ಹೃದಯದ ಡಾಕ್ಟರು ನನ್ನ ಬರಹವನ್ನು ಎರಡು ಸಲ ಓದಿದರು. ಇಸಿಜಿ ತೆಗೆದರು. ಎದೆಗೆ ಅಂಟಿಸಿಕೊಂಡು ಒಂದು ಹಗಲು, ಒಂದು ರಾತ್ರಿ ಇರಬೇಕಾದ ಸಣ್ಣ ಯಂತ್ರ ಕಟ್ಟಿ ಕಳಿಸಿದರು. ನಸುಕಿನ ನಿದ್ದೆಯಲ್ಲಿ ನನ್ನ ಎದೆ ನಾಲ್ಕೈದು ಬಡಿತ ತಾಳ ತಪ್ಪಿದ್ದು ಅದರಲ್ಲಿ ಕಾಣುತ್ತದಂತೆ. ಲಾಂಗ್ ಕ್ಯೂಟಿ ಎಂಬ ಜಡ್ಡು ಇರಬಹುದು ಎಂದರು. ಒಂದು ಬಡಿತವಾದ ಮೇಲೆ ಎದೆ ಮುಂದಿನದಕ್ಕೆ ತಯಾರಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಒಮ್ಮೆಲೇ ಸದ್ದಾಗಿ ಬೆಚ್ಚಿಬಿದ್ದರೆ ತಾಳ ಕೆಡುತ್ತದೆ, ಮಿದುಳಿಗೆ ರಕ್ತ ಹೋಗುವುದಿಲ್ಲ, ಎಚ್ಚರ ತಪ್ಪುತ್ತದೆ. ತಾನಾಗಿಯೇ ತಾಳಕ್ಕೆ ಬಂದರೆ ಎದ್ದು ಕೂಡುತ್ತೇವೆ. ಬರದಿದ್ದರೆ ಏಳುವುದಿಲ್ಲ. ಇದಕ್ಕೆ ಗುಳಿಗೆ ಇದೆ, ಗೊತ್ತಿದ್ದರೆ ಬಾಳಿ ಬದುಕಬಹುದು.

ಆ ಹೊತ್ತು ಇಸಿಜಿಯ ಗೆರೆಯಲ್ಲಿ ಉದ್ದವಾಗಿ ಕಾಣುತ್ತದಂತೆ. ಆದರೆ ನನ್ನ ಗೆರೆ ಗಡಿಯ ಮೇಲಿದೆ, ಅತ್ತಲೂ ಅಲ್ಲ ಇತ್ತಲೂ ಅಲ್ಲ. "ಮನ್ಯಾಗ ಯಾರರ ಸಣ್ಣ ವಯಸ್ಸಿನ್ಯಾಗ ಒಮ್ಮೆಲೇ ಹೋಗ್ಯಾರೇನ್ರಿ?" ಎಂದು ಕೇಳಿದರು. ನೀನು ಬರೆದದ್ದನ್ನೇ ಹೇಳಿದೆ, ಅವ್ವ ಕಾಮಣಿಯಿಂದ ಹೋದಳು ಅಂದೆ. ಅವರು "ಇಲ್ಲ" ಎಂದು ಬರೆದುಕೊಂಡರು. ಹಾಗಾಗಿ ಫಿಟ್ಸೂ ಇರಬಹುದು, ಆ ಗುಳಿಗೆಯೂ ಇರಲಿ, ಎದೆಯದು ಸಣ್ಣ ಪ್ರಮಾಣದಲ್ಲಿ ಶುರು ಮಾಡೋಣ, ಮುಂದೆ ನೋಡೋಣ ಎಂದರು.

ಈ "ಮುಂದೆ ನೋಡೋಣ" ನನಗೆ ಸೇರುವುದಿಲ್ಲ. ನಿನಗೆ ಇನ್ನೇನಾದರೂ ನೆನಪಿದ್ದರೆ ತಡಮಾಡದೆ ಬರೆ.

ಶೈಲಾ


ಕುಷ್ಟಗಿ
28 ಡಿಸೆಂಬರ್ 2024

ದೊಡ್ಡವ್ವ,

ಇಪ್ಪತ್ತಾರು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದರೆ ನೀನು ಯಾವಾಗಲೂ ಅಂಗನವಾಡಿಯಲ್ಲಿ, ಇಲ್ಲವೇ ಗುಡಿಯಲ್ಲಿ. ನಿನ್ನ ಮೌನದ ಅರ್ಥ ನನಗೆ ಗೊತ್ತು. ಮದುವೆ ಮುರಿದೀತೆಂದು ಅಂಜಿದ್ದೀಯ, ಹುಡುಗಿಯ ಮನೆತನದಲ್ಲಿ ಎದೆಯ ಜಡ್ಡಿದೆ ಎಂಬ ಸುದ್ದಿ ಹೊರಗೆ ಹೋಗಬಾರದು ನಿನಗೆ. ಹೋಗಿದೆ. ಮೊನ್ನೆ ನಾನೇ ಗಂಗಾವತಿಯವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ವಿಚಾರ ಮಾಡುತ್ತೇವೆ ಎಂದರು. ಮಾಡಲಿ. ಈಗ ನಿನಗೆ ಮುಚ್ಚಿಡಲು ಕಾರಣವಿಲ್ಲ.

ಇನ್ನೊಂದು ಮಾತು. ನಿನ್ನ ಕಾಗದವನ್ನು ಮತ್ತೆ ಓದಿದೆ. ಬಾಗಿಲು ಬಡಿಯಬಾರದು, ಪಾತ್ರೆ ಎತ್ತಿ ಹಾಕಬಾರದು ಎಂದು ಬರೆದಿದ್ದೀಯ. ಅದು ನವೆಂಬರ್ 17ರ ಕಾಗದ. ನಾನು ಅಲ್ಲಿಯವರೆಗೆ ಹೇಳಿದ್ದು ಫೋನಿನ ವಿಷಯ ಮಾತ್ರ. ಸದ್ದೇ ಕಾರಣ ಎಂದು ನನಗೆ ತಿಳಿದದ್ದು 24ಕ್ಕೆ, ಡಾಕ್ಟರು ಹೇಳಿದ್ದು ಅದಾದ ಮೇಲೆ. ನಿನಗೆ ಮೊದಲೇ ಹೇಗೆ ಗೊತ್ತಿತ್ತು?

ಹೊಲದ ಸರಹದ್ದಿನ ಜಗಳದಲ್ಲಿ ಎರಡೂ ಕಡೆಯವರು ಸುಳ್ಳು ಹೇಳುವುದನ್ನು ದಿನಾ ನೋಡುತ್ತೇನೆ. ಯಾರು ಎಲ್ಲಿ ತಡವರಿಸುತ್ತಾರೆ ಎಂದು ಈಗ ಗೊತ್ತಾಗುತ್ತದೆ. ಕಾಮಣಿಯಿಂದ ಹೋಗುವವರು ಹದಿನೈದು ದಿನ ಮಲಗಿ ಹೋಗುತ್ತಾರೆ. ನನ್ನ ಅವ್ವ ಹೇಗೆ ಸತ್ತಳು?

ಶೈಲಶ್ರೀ


ಇಟಗಿ
6 ಜನವರಿ 2025

ಶೈಲಾ,

ನಿನ್ನ ಮದುವೆಗಾಗಿ ನಾನು ಸುಮ್ಮನಿರಲಿಲ್ಲ. ಆ ಯೋಚನೆಯೂ ಬರಲಿಲ್ಲ. ಡಿಸೆಂಬರಿನ ನಿನ್ನ ಕಾಗದವನ್ನು ಮಕ್ಕಳ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡು ದಿನಾ ಓದುತ್ತಿದ್ದೆ. ಮೂರು ಸಲ ಉತ್ತರ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

2002ರ ಫೆಬ್ರವರಿ, ಬಿಳಿಜೋಳದ ಸುಗ್ಗಿ. ನಿಮ್ಮಪ್ಪ ದುಡಿಯಲು ಹೋದವನು ತಿರುಗಿ ಬರಲಿಲ್ಲ, ನೀನೂ ನಿಮ್ಮವ್ವನೂ ನಮ್ಮ ಮನೆಯಲ್ಲೇ ಇದ್ದಿರಿ. ರೇಣುಕಾಗೆ ಹಿಂದಿನ ತಿಂಗಳು ಕಾಮಣಿ ಆಗಿದ್ದು ಖರೆ, ಆದರೆ ಅದು ವಾಸಿಯಾಗಿತ್ತು. ಹೊಲಕ್ಕೂ ಹೋಗಿ ಬರುತ್ತಿದ್ದಳು.

ಅವತ್ತು ಮಧ್ಯಾಹ್ನ ನಾನು ಅಂಗನವಾಡಿ ಮುಗಿಸಿ ಬರುತ್ತಿದ್ದೆ. ನೀನು ಹಿತ್ತಲ ಬಾವಿಯ ಕಟ್ಟೆಯ ಮೇಲೆ ಒಬ್ಬಳೇ ನಿಂತು ಒಳಗೆ ಬಗ್ಗಿ ನೋಡುತ್ತಿದ್ದೆ. ಓಡಿ ಬಂದು ನಿನ್ನನ್ನು ಎತ್ತಿಕೊಂಡೆ. ಒಳಗೆ ಹೋದರೆ ರೇಣುಕಾ ಜಮಖಾನದ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಸಿಟ್ಟು ನೆತ್ತಿಗೇರಿತು. ಬಾಗಿಲ ಹತ್ತಿರ ಖಾಲಿ ತಾಮ್ರದ ಕೊಡ ಇತ್ತು. ಎತ್ತಿ ಅವಳ ತಲೆಯ ಪಕ್ಕ ನೆಲದ ಬಂಡೆಯ ಮೇಲೆ ಒಗೆದೆ. "ಮಗಳನ್ನ ಬಾವ್ಯಾಗ ಬಿಟ್ಟು ಮಲಗೀಯೇನ?" ಎಂದು ಚೀರಿದೆ.

ಅವಳು ಎದ್ದು ಕುಳಿತಳು. ನನ್ನನ್ನು ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದಳು, ಕಣ್ಣು ಮೇಲಕ್ಕೆ ಹೋದವು, ಹಿಂದಕ್ಕೆ ಬಿದ್ದಳು. ಬೈಗುಳ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡೆ. "ನಾಟಕ ಮಾಡಬ್ಯಾಡ" ಎಂದು ಅವಳ ಕಡೆ ತಿರುಗಿಯೂ ನೋಡದೆ ನಿನ್ನನ್ನು ಎತ್ತಿಕೊಂಡು ಹೊರಗೆ ಹೋದೆ. ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು ನಿನಗೆ ಹಾಲು ರೊಟ್ಟಿ ಉಣಿಸಿದೆ. ಅರ್ಧ ತಾಸು ಬಿಟ್ಟು ಒಳಗೆ ಬಂದೆ. ಮೈ ತಣ್ಣಗಾಗಿತ್ತು.

ಕೂಗಿಕೊಂಡಾಗ ಓಣಿಯ ಮಂದಿ ಬಂದರು. ಕಾಮಣಿ ಮರುಕಳಿಸಿರಬೇಕು ಎಂದು ಯಾರೋ ಅಂದರು. ನಾನು ಹೂಂ ಎಂದೆ. ಅಣ್ಣ ಕುಬೇರಪ್ಪನಿಗೆ ರೇಣುಕಾ ಎಂದರೆ ಜೀವ, ಅವನು ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಆಮೇಲೆ ಅದೇ ಖರೆಯಾಯಿತು.

ಬೇರೆ ಏನೋ ಆಗಿರಬಹುದು ಎಂದು ಇಷ್ಟು ವರ್ಷ ಒಂದು ಆಸೆಯಿತ್ತು. ಸದ್ದಿಗೆ ಎದೆ ನಿಲ್ಲುತ್ತದೆ ಎಂದು ನೀನು ಬರೆದ ದಿನ ಆ ಆಸೆಯೂ ಹೋಯಿತು. ನನ್ನ ತಂಗಿಯನ್ನು ನಾನೇ ಕೊಂದೆ, ಶೈಲಾ. ನಿನ್ನ ಅವ್ವನನ್ನು.

ಈ ಕಾಗದವನ್ನು ಡಾಕ್ಟರಿಗೆ ತೋರಿಸು.

ಪಾರಮ್ಮ


ಕುಷ್ಟಗಿ
11 ಜನವರಿ 2025

ಕಾಗದ ಮುಟ್ಟಿತು. ನಿನ್ನೆ ರಜೆ ಹಾಕಿ ಕೊಪ್ಪಳಕ್ಕೆ ಹೋಗಿ ಡಾಕ್ಟರಿಗೆ ಬೇಕಾದಷ್ಟು ಓದಿ ಹೇಳಿದೆ. ಅವರು ಹಳೆಯ "ಇಲ್ಲ" ಎಂಬುದನ್ನು ಹೊಡೆದು ಹಾಕಿ ಹೊಸದಾಗಿ ಬರೆದುಕೊಂಡರು. ಫಿಟ್ಸ್ ಗುಳಿಗೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಬೇಕು, ಎದೆಯ ಗುಳಿಗೆ ಹೆಚ್ಚಿಸಬೇಕು.

ಸಂಕ್ರಾಂತಿಗೆ ಬರುವುದಿಲ್ಲ. ನಿನಗೆ ಏನು ಬರೆಯಬೇಕೋ ಇನ್ನೂ ತಿಳಿದಿಲ್ಲ.

ಶೈಲಶ್ರೀ


ಕುಷ್ಟಗಿ
2 ಫೆಬ್ರವರಿ 2025

ದೊಡ್ಡವ್ವಗೆ ಶೈಲಾಳ ನಮಸ್ಕಾರ.

ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕೊಡ ಒಗೆದದ್ದಕ್ಕಲ್ಲ, ಇಪ್ಪತ್ತೆರಡು ವರ್ಷ ನನಗೆ ಬೇರೆಯೇ ಅವ್ವನನ್ನು ತೋರಿಸಿದ್ದಕ್ಕೆ. ನನ್ನನ್ನು ಸಾಕಿದ್ದು ಮಾಯೆ ಮಮತೆಯಿಂದಲೋ, ಮಾಡಿದ್ದು ಕಾಡುತ್ತದೆ ಎಂಬ ಅಂಜಿಕೆಯಿಂದಲೋ ಎಂದು ಹಗಲೆಲ್ಲ ಅದನ್ನೇ ಯೋಚಿಸುತ್ತಿದ್ದೆ. ಒಂದು ದಿನ ಖಾಜಾಬೀ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳು ಮೆಂತೆಪಲ್ಲೆ ಸೋಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. "ಅಂಜಿ ಒಂದ್ ವರ್ಷ ಸಾಕಬಹುದು ಬೇಟಿ. ಇಪ್ಪತ್ತೆರಡ ವರ್ಷ ಯಾರ ಅಂಜ್ತಾರ?" ಎಂದಳು.

ಈಗ ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ. ಕಳೆದ ವಾರ ನಿನ್ನ ಕಾಗದವನ್ನು ಪೂರ್ತಿ ಅವರ ಕೈಗೇ ಕೊಟ್ಟೆ.

ಕೊಡದ ಸದ್ದಿನಿಂದ ಯಾರೂ ಸಾಯುವುದಿಲ್ಲ. ಅಷ್ಟು ಸದ್ದು ಎಲ್ಲ ಮನೆಯಲ್ಲೂ ದಿನಾ ಆಗುತ್ತದೆ. ಅವ್ವನ ಎದೆಯಲ್ಲಿ ಹುಟ್ಟಿನಿಂದಲೇ ಜಡ್ಡಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಕೊಡವಲ್ಲದಿದ್ದರೆ ಗುಡುಗು, ಇಲ್ಲ ಪಟಾಕಿ. ಇದು ಅವರ ಮಾತು.

ಎರಡನೆಯದನ್ನೂ ಕೇಳಿದೆ. ನೀನು ಅವಳನ್ನು ಬಿಟ್ಟು ಹೊರಗೆ ಹೋದದ್ದು. ಅವರು ಹೇಳಿದರು: "ತಕ್ಷಣ ಎದಿ ಒತ್ತಿದ್ರ ಒಬ್ಬೊಬ್ಬರು ಉಳೀತಾರ್ರಿ. ಆದ್ರ ಆವಾಗ ಆ ಊರಾಗ ಅದು ಯಾರಿಗೆ ಬರ್ತಿತ್ತು?" ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ನಮ್ಮ ನಡುವೆ ಬಿಟ್ಟು ಬರೆದದ್ದು ಸಾಕು. ಅವತ್ತು ನಿನ್ನ ಕಂಕುಳಲ್ಲಿ ಬಾವಿಯ ಕಟ್ಟೆಯಿಂದ ಎತ್ತಿ ತಂದ ಕೂಸಿತ್ತು. ಅದು ನಾನು. ನನಗೆ ನಿನ್ನ ಮೇಲೆ ದೂರಿಲ್ಲ.

ಮತ್ತೊಂದನ್ನು ಅವರೇ ಕೇಳಿದರು. ಇಂಥ ಎದೆಯವರಿಗೆ ಸಾಮಾನ್ಯವಾಗಿ ಸಣ್ಣ ವಯಸ್ಸಿನಲ್ಲೇ ಶುರುವಾಗುತ್ತದೆ, ನಿಮಗೆ ಇಪ್ಪತ್ತಾರರವರೆಗೆ ಯಾಕೆ ಆಗಲಿಲ್ಲ, ಮನೆಯಲ್ಲಿ ಯಾರು ಎಬ್ಬಿಸುತ್ತಿದ್ದರು ಎಂದು. ದೊಡ್ಡವ್ವ ಎಂದೆ. ಹೇಗೆ ಎಂದರು. ಆಗ ನೆನಪಾಯಿತು. ನೀನು ನನ್ನನ್ನು ಒಂದು ದಿನವೂ ಕೂಗಿ ಎಬ್ಬಿಸಲಿಲ್ಲ. ಪಕ್ಕದಲ್ಲಿ ಕುಳಿತು ಅಂಗಾಲು ಸವರುತ್ತಿದ್ದೆ, ನಾನಾಗಿಯೇ ಕಣ್ಣು ಬಿಡುವವರೆಗೆ. ಪರೀಕ್ಷೆಯ ದಿನಗಳಲ್ಲೂ ಗಡಿಯಾರದ ಗಂಟೆ ಇಡಗೊಡಲಿಲ್ಲ. ದೊಡ್ಡಪ್ಪ ಜೋರಾಗಿ ಕೆಮ್ಮಿದರೂ ಬೈಯುತ್ತಿದ್ದೆ. ಸಣ್ಣವಳಿದ್ದಾಗ ನಿನ್ನದು ಅತಿಯಾಯಿತು ಅನ್ನಿಸುತ್ತಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. "ನಿಮ್ಮ ದೊಡ್ಡವ್ವ ಗೊತ್ತಿಲ್ಲದನ ನಿಮಗ ಇಪ್ಪತ್ತೆರಡ ವರ್ಷ ಇಲಾಜು ಮಾಡ್ಯಾರ" ಎಂದರು. ನಾನು ಬಿದ್ದದ್ದು ಒಬ್ಬಳೇ ಇರಲು ಶುರು ಮಾಡಿದ ಮೇಲೆ, ದೊಡ್ಡವ್ವ.

ಗುಳಿಗೆ ಸರಿಹೋಗುತ್ತಿದೆ. ಎರಡು ತಿಂಗಳಿಂದ ಬಿದ್ದಿಲ್ಲ. ಮತ್ತೆ ಬಿದ್ದರೆ ಎದೆಯಲ್ಲಿ ಸಣ್ಣ ಯಂತ್ರ ಕೂಡಿಸುತ್ತಾರೆ, ಅದಕ್ಕೂ ತಯಾರಿದ್ದೇನೆ. ತೆಗೆದುಕೊಳ್ಳಬಾರದ ಔಷಧಗಳ ಪಟ್ಟಿ ಪರ್ಸಿನಲ್ಲಿದೆ. ಖಾಜಾಬೀ ನನ್ನ ಜೊತೆ ದವಾಖಾನೆಗೆ ಬಂದು ಎದೆ ಒತ್ತುವುದನ್ನು ಕಲಿತಳು. ಬಾಲಪ್ಪ ಈಗ ಗೇಟು ಬಡಿಯುವುದಿಲ್ಲ, ಕ್ಯಾನ್ ಇಟ್ಟು ಹೋಗುತ್ತಾನೆ. ಗಂಗಾವತಿಯವರು ಇನ್ನೂ ವಿಚಾರ ಮಾಡುತ್ತಿದ್ದಾರೆ, ನಾನು ಕೇಳಲು ಹೋಗಿಲ್ಲ.

ಇನ್ನು ನಿನ್ನ ಕೆಲಸ. ಇದು ರಕ್ತದಲ್ಲಿ ಬರುವ ಜಡ್ಡು. ನೀನು, ಕುಬೇರಪ್ಪ ಮಾವ, ಸಹನಾ ಮೂವರಿಗೂ ಇಸಿಜಿ ಆಗಬೇಕು. ಸಹನಾಳ ವಸತಿ ಸಾಲೆಯಲ್ಲಿ ನಸುಕಿನಲ್ಲಿ ಗಂಟೆ ಬಾರಿಸಿ ಎಬ್ಬಿಸುತ್ತಾರೆ, ಅದನ್ನು ನೆನೆದರೆ ನನಗೆ ನಿಲ್ಲಲಾಗುವುದಿಲ್ಲ. ಯಾಕೆ ತೆಗೆಸಬೇಕು ಎಂದು ಮಾವ ಕೇಳುತ್ತಾನೆ. ಅವನಿಗೆ ನಾನು ಹೇಳುವುದಿಲ್ಲ. ನೀನೇ ಹೇಳಬೇಕು.

ನಿನ್ನ
ಶೈಲಾ


ಇಟಗಿ
9 ಮಾರ್ಚ್ 2025

ನನ್ನ ಶೈಲಾಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ಕಾಗದ ಬಂದ ಮರುದಿನವೇ ಯಲಬುರ್ಗಾ ಬಸ್ ಹತ್ತಿದೆ. ಒಂದು ದಿನ ತಡೆದಿದ್ದರೂ ಧೈರ್ಯ ಹೋಗುತ್ತಿತ್ತು.

ಅಣ್ಣ ಕಡಲೆ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದ. ಎದುರಿಗೆ ಕುಳಿತು ಬಾವಿಯಿಂದ ಹಿಡಿದು ಎಲ್ಲ ಹೇಳಿದೆ, ಒಂದನ್ನೂ ಬಿಡಲಿಲ್ಲ. ಅವನು ದಬ್ಬಣ ಕೆಳಗಿಟ್ಟು ಎದ್ದು ಹೊರಗೆ ಹೋದ. ಇಳಿಹೊತ್ತಿನವರೆಗೆ ಬರಲಿಲ್ಲ. ಅತ್ತಿಗೆ ಉಣ್ಣಲು ಕರೆದರೂ ನಾನು ಏಳಲಿಲ್ಲ. ತಿರುಗಿ ಬಂದವನು ನನ್ನ ಮುಖ ನೋಡದೆ, "ಕೊಪ್ಪಳಕ್ಕ ಯಾವತ್ತ ಹೋಗೂದು?" ಎಂದು ಕೇಳಿದ. ಅಷ್ಟೇ.

ಸಹನಾಳಿಗೆ ಸಾಲೆಯಿಂದ ರಜೆ ಕೊಡಿಸಿ ಕರೆದುಕೊಂಡು ಬಂದು ಮೂವರೂ ಹೋದೆವು. ನಿನ್ನ ಡಾಕ್ಟರು ನನ್ನನ್ನು ನೋಡಿ ಎದ್ದು ನಿಂತರು. ಯಾಕೆ ಎಂದು ನನಗೆ ತಿಳಿಯಲಿಲ್ಲ, ಹಿಂದೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದೆ.

ನನ್ನ ಇಸಿಜಿಯ ಗೆರೆ ಸರಿಯಾಗಿದೆ. ಅದನ್ನು ಕೇಳಿ ಸಮಾಧಾನವಾಗಲಿಲ್ಲ ಶೈಲಾ, ರೇಣುಕಾಳದು ನನಗಾದರೂ ಇರಬಾರದಿತ್ತೇ ಅನ್ನಿಸಿತು. ಅಣ್ಣನದು ಉದ್ದವಿದೆ, ಇಷ್ಟು ವರ್ಷ ಅವನಿಗೆ ಏನೂ ಆಗಿಲ್ಲ. ಸಹನಾಳದು ಅವನಿಗಿಂತ ಉದ್ದ, ನಿನ್ನದಕ್ಕಿಂತಲೂ ಉದ್ದ. ಡಾಕ್ಟರು ಕೇಳಿದಾಗ ಆ ಹುಡುಗಿ ತಲೆ ತಗ್ಗಿಸಿ ಹೇಳಿದಳು, ಗಂಟೆ ಹೊಡೆದಾಗ ಎರಡು ಸಲ ಕಣ್ಣು ಕತ್ತಲಾಗಿ ಹಾಸಿಗೆಗೇ ಬಿದ್ದಿದ್ದಳಂತೆ. ಏಳಲು ಸೋಮಾರಿತನ ಎಂದು ಎಲ್ಲರೂ ನಕ್ಕಿದ್ದರಂತೆ. ಅವಳಿಗೂ ಅವತ್ತಿನಿಂದಲೇ ಗುಳಿಗೆ ಶುರುವಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಮೂರು ಚಹಾ ತಂದ. ನನ್ನ ಕೈಗೆ ಲೋಟ ಕೊಟ್ಟು, "ಆವಾಗ ಹೇಳಿದ್ರ ನಾ ಜೀವ ಇರೂತನ ನಿನ್ನ ಮಾರಿ ನೋಡ್ತಿದ್ದಿಲ್ಲ. ಈಗ ಹೇಳಿದ್ದಕ್ಕ ನನ್ನ ಮಗಳು ಉಳದಾಳ. ಎರಡೂ ಖರೇ, ಪಾರವ್ವ" ಎಂದ. ಚಿಕ್ಕವರಿದ್ದಾಗ ಕರೆಯುತ್ತಿದ್ದ ಹೆಸರು ಅದು. ಚಹಾ ಆರಿಹೋಯಿತು, ಆದರೂ ಕುಡಿದೆ.

ಅಲ್ಲಿಂದ ನಾನು ಮನೆಗೆ ಬರಲಿಲ್ಲ. ಡಾಕ್ಟರ ಚೀಟಿ ಹಿಡಿದು ಸಹನಾ ಜೊತೆ ಗಂಗಾವತಿಗೆ ಹೋದೆ. ಸಾಲೆಯ ವಾರ್ಡನ್ ಮೊದಲು ಗಂಟೆ ಬಾರಿಸುವುದು ನಿಯಮ ಎಂದರು. ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು ನಾನು, ನಿಯಮವನ್ನು ಎಲ್ಲಿ ಹಿಡಿದು ಎಲ್ಲಿ ಬಗ್ಗಿಸಬೇಕೆಂದು ನನಗೆ ಗೊತ್ತಿಲ್ಲವೇ? ಹುಡುಗಿಯರನ್ನೆಲ್ಲ ಸೇರಿಸಿ ಜಡ್ಡಿನ ವಿಷಯ ಬಿಡಿಸಿ ಹೇಳಿದೆ, ರೇಣುಕಾಳ ವಿಷಯವನ್ನೂ ಹೇಳಿದೆ. ಸಹನಾಳ ಕೋಣೆಯನ್ನು ಗಂಟೆಯಿಂದ ದೂರದ ಮೂಲೆಗೆ ಬದಲಿಸಿದರು. ಗಂಟೆಗೆ ಮೊದಲೇ ಅವಳನ್ನು ಮೆಲ್ಲಗೆ ಎಬ್ಬಿಸುವ ಕೆಲಸ ತಮಗೇ ಬೇಕೆಂದು ಹುಡುಗಿಯರು ಜಗಳಾಡಿದರು. ವಾರ್ಡನ್ ಕೊನೆಗೆ ಪಾಳಿ ಹಚ್ಚಬೇಕಾಯಿತು.

ನಾನು ಹೊರಡುವಾಗ ಸಹನಾ ಗೇಟಿನವರೆಗೆ ಬಂದಳು. ಅಷ್ಟು ಹೊತ್ತು ಧೈರ್ಯದಿಂದಿದ್ದವಳು ಅಲ್ಲಿ ನನ್ನ ಸೆರಗು ಹಿಡಿದು, "ನಾನೂ ಸಣ್ಣತ್ತಿ ಹಂಗ ಹೋಗ್ತೀನೇನ ಅತ್ತಿ?" ಎಂದು ಕೇಳಿದಳು.

ನಾನು ಹೇಳಿದೆ: "ಇಲ್ಲ. ಆಕಿ ಜಡ್ಡು ಯಾರಿಗೂ ಗೊತ್ತಿದ್ದಿಲ್ಲ. ನಿಂದು ಊರಿಗೆಲ್ಲಾ ಗೊತ್ತೈತಿ."

ದೊಡ್ಡವ್ವ